ಗೇನ್, ಗೇಣು ಮತ್ತು ಅಕ್ಕನ ಕಿವಿ

ನನ್ನ ಗಿಟಾರಿನ ಆಂಪ್ಲಿಫೈಯರನ್ನು ಕೆಡಿಸಿದವನು ನಾನೇ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಅದು ಹಳೆಯ ವಾಲ್ವ್ ರೇಡಿಯೊಗಳ ಜಾತಿಯದು. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲಷ್ಟೇ ಅದು ಬಾಯಿ ಬಿಡುತ್ತದೆ. ಬಂಕಾಪುರದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿದವನಿಗೆ ನಾಲ್ಕು ವೈರು ಬೆಸೆಯುವುದೇನು ಮಹಾ ಎಂಬ ಜಂಬ ಬೇರೆ. ಮೊಬೈಲಿನಲ್ಲಿ ಒಂದಷ್ಟು ವಿಡಿಯೊ ನೋಡಿ, ಅದಕ್ಕೆ ಇನ್ನೊಂದು ಗೇನ್ ಹಂತ ಸೇರಿಸಿಬಿಟ್ಟೆ.

ಗೇನ್ ಎಂದರೆ ದನಿಯ ಏರಿಕೆ. ಗಿಟಾರಿನ ತಂತಿಯಿಂದ ಬರುವುದು ಬಡಕಲು ದನಿ. ಮೊದಲ ವಾಲ್ವು ಅದನ್ನು ಹಿಗ್ಗಿಸಿ ಮುಂದಿನದಕ್ಕೆ ಕೊಡುತ್ತದೆ, ಅದು ಇನ್ನಷ್ಟು ಹಿಗ್ಗಿಸುತ್ತದೆ. ತೊಂದರೆಯೆಂದರೆ ವಾಲ್ವಿಗೆ ವಿವೇಕವಿಲ್ಲ. ಸ್ವರದ ಜೊತೆ ನುಸುಳಿದ ಕರೆಂಟಿನ ಗುಂಯ್ ಸದ್ದನ್ನೂ ಅಷ್ಟೇ ಶ್ರದ್ಧೆಯಿಂದ ಹಿಗ್ಗಿಸುತ್ತದೆ. ನಮ್ಮ ಓಣಿಯಲ್ಲಿ ಯಾರಿಗೋ ನೆಗಡಿಯಾದ ಸುದ್ದಿ ಮೂರು ಕಟ್ಟೆ ದಾಟುವಷ್ಟರಲ್ಲಿ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿರುತ್ತದಲ್ಲ, ಹಾಗೆ. ಹಂತ ಹೆಚ್ಚಾದಂತೆಲ್ಲ ಸ್ವರ ಒಡೆದು ಒರಟಾದ ಗರ್ಜನೆಯಾಗುತ್ತದೆ. ಅದನ್ನೇ ಬಯಸಿ ಬೆಸೆಯುವವರು ಪ್ರಪಂಚದ ತುಂಬ ಇದ್ದಾರೆ.

ನಾನು ಬೆಸೆದದ್ದು ಅಕ್ಕನಿಗಾಗಿ. ಹಾನಗಲ್ಲಿನಲ್ಲಿರುವ ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತಿದೆ. ಉಳಿದದ್ದೂ ಹೋಗಬಹುದು ಎಂದಿದ್ದಾರೆ ಡಾಕ್ಟರು. ನಾನು ಚಿಕ್ಕವನಿದ್ದಾಗ ಅವಳು ಜೋಳ ಹಸನು ಮಾಡುತ್ತ ಗುನುಗುತ್ತಿದ್ದ ಒಂದು ಹಾಡನ್ನು ಗಿಟಾರಿನಲ್ಲಿ ಕೂಡಿಸಿಕೊಂಡಿದ್ದೆ. ಆ ಕಿವಿ ಪೂರ್ತಿ ಮುಚ್ಚುವ ಮೊದಲು ಅದನ್ನು ಅವಳಿಗೆ ಕೇಳಿಸಬೇಕಿತ್ತು. ಕಿವಿ ಮಂದವಾದರೆ ಸದ್ದು ಹೆಚ್ಚಿಸಿದರಾಯಿತು ಎಂಬುದು ಗಣಿತದ ಮಾಸ್ತರನ ಲೆಕ್ಕ.

ಆಂಪ್ಲಿಫೈಯರಿನ ಪೆಟ್ಟಿಗೆಯನ್ನೂ ಗಿಟಾರನ್ನೂ ಹಾನಗಲ್ಲಿಗೆ ಒಯ್ದು ಬಾರಿಸಿದೆ. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು.

“ಗದ್ಲ ಕೇಳ್ತೈತಿ ತಮ್ಮಾ. ನೀ ಏನ ಬಾರಸಾಕತ್ತಿ ಅನ್ನೋದ ತಿಳಿವಲ್ದು.”

ಅಲ್ಲಿ ನಗುತ್ತ ಎದ್ದು ಬಂದೆ. ದಾರಿಯಲ್ಲಿ ಮಾತ್ರ ಬಹಳ ಸಂಕಟವಾಯಿತು.

ಸವಣೂರಿನಲ್ಲಿ ಗೌಸುಸಾಬರೆಂಬ ಹಿರಿಯರಿದ್ದಾರೆ. ಹಳೆಯ ರೇಡಿಯೊಗಳ ವೈದ್ಯರು. ನಾನು ಹೋದಾಗ ಅವರು ನಮಾಜಿಗೆ ಹೋಗಿದ್ದರು. ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟು ಬಂದು ಫೋನಿನಲ್ಲಿ ಮಾತಾಡಿದೆ.

“ಗೇನ್ ಭಾಳ ಆಗೇತ್ರಿ ಸಾಹೇಬ್ರ, ಕಮ್ಮಿ ಮಾಡ್ರಿ.”

“ಎಷ್ಟ ತಗೀಲ್ರಿ?”

“ಒಂದ ತಗದ್ರ ಸಾಕ್ರಿ.”

ಮರುವಾರ ಹೋದರೆ, ಗೌಸುಸಾಬರು ತುಂಡು ವೈರೊಂದನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಂಗೈ ಹರವಿ ತೋರಿಸಿದರು. “ನೋಡ್ರಿ ಸರ, ಬರೋಬ್ಬರಿ ಒಂದ ಗೇಣ ತಗದೇನಿ.”

ನನ್ನ ಗೇನ್ ಅವರ ಕಿವಿ ಸೇರುವಷ್ಟರಲ್ಲಿ ಗೇಣಾಗಿತ್ತು! ತಪ್ಪು ಅವರದಲ್ಲ. ಇಂಗ್ಲಿಷಿನ ಗೇನ್ ನಮ್ಮ ಕಡೆಗೆ ಬಂದದ್ದು ಮೊನ್ನೆ. ಗೇಣು ನಮ್ಮ ಅಂಗೈಯಲ್ಲೇ ಇದೆ. ತಮಾಷೆಯೆಂದರೆ ಪೆಟ್ಟಿಗೆಯ ಗುಂಯ್ ಸದ್ದು ಅರ್ಧ ಇಳಿದಿತ್ತು. ನಾನು ಒಳಗೆ ಜೋತುಬಿಟ್ಟಿದ್ದ ವೈರು ಅನಗತ್ಯವಾಗಿ ಉದ್ದವಿತ್ತಂತೆ. “ವಾಯರ ಉದ್ದಾದಷ್ಟೂ ಊರಾನ ಗದ್ಲ ಎಲ್ಲಾ ಹಿಡಕೊಂಡ ಬರ್ತೈತ್ರಿ,” ಎಂದರು. ನಾನು ಹೇಳಹೊರಟದ್ದೇನೆಂದು ತಿಳಿಸಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ಏರಿಸಿ, ಒಳಗೆ ಉಳಿದಿರಬಹುದಾದ ಕರೆಂಟನ್ನು ಜೋಪಾನವಾಗಿ ಇಳಿಸಿ, ನಾನು ಸೇರಿಸಿದ್ದ ಹಂತವನ್ನು ಬಿಡಿಸಿ ತೆಗೆದರು.

“ಯಾರಿಗಿ ಕೇಳಸೋದ್ರಿ ಇದು?”

ಹೇಳಿದೆ.

“ಹಂಗಾರ ಜೋರ ಬ್ಯಾಡ್ರಿ. ಸಾಫ್ ಇರ್ಲಿ. ನಮ್ಮ ಅಮ್ಮಾಗೂ ಹಂಗ ಇತ್ತು. ಒದರಿದ್ರ ಸಿಟ್ಟಿಗೇಳ್ತಿದ್ರು, ಬಾಜೂಕ ಕುಂತ ಸಾವಕಾಶ ಮಾತಾಡಿದ್ರ ಎಲ್ಲಾ ಕೇಳ್ತಿತ್ತು.”

ನಾನು ಅಕ್ಕನ ಜೊತೆ ಎಷ್ಟು ದಿನದಿಂದ ಒದರುತ್ತಿದ್ದೆನೋ. ಫೋನಿನಲ್ಲಿ, ಊಟದ ಹೊತ್ತಿನಲ್ಲಿ, ಮಂದಿಯ ಎದುರಿನಲ್ಲಿ. ಪ್ರೀತಿಯಿಂದಲೇ ಒದರುತ್ತಿದ್ದೆ, ನಿಜ. ಆದರೆ ಕೇಳುವವರ ಮುಖಕ್ಕೆ ಬಂದು ಬಡಿಯುವುದು ಪ್ರೀತಿಯಲ್ಲ, ಒದರುವಿಕೆ.

ಮುಂದಿನ ಭಾನುವಾರ ಮತ್ತೆ ಹಾನಗಲ್ಲಿಗೆ ಹೋದೆ. ಪೆಟ್ಟಿಗೆಯನ್ನು ಅಕ್ಕನ ಮಂಚದ ಪಕ್ಕಕ್ಕಿಟ್ಟು, ಸಣ್ಣ ದನಿಯಲ್ಲಿ, ಒಂದೊಂದೇ ತಂತಿ ಮೀಟಿದೆ. ಅಕ್ಕ ಕಣ್ಣು ಮುಚ್ಚಿದಳು. ಅವಳಿಗೆ ಏನಾದರೂ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯದೆ ಬಾರಿಸುತ್ತ ಹೋದೆ. ಎರಡನೇ ಸಾಲಿನ ಕೊನೆಗೆ ಬಂದಿದ್ದೆ. ಅವಳು ಫಕ್ಕನೆ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು.

“ಹಂಗಲ್ಲೋ, ಅಲ್ಲೆ ಇಳಸಬೇಕು. ನೀ ಏರಿಸಿದಿ.”

ಬರೀ ಸದ್ದಲ್ಲ, ತಪ್ಪು ಕೇಳಿಸಿತ್ತು ಅವಳಿಗೆ! ಅವಳೇ ಆ ಸಾಲನ್ನು ಗುನುಗಿ ತೋರಿಸಿ, ಇನ್ನೊಮ್ಮೆ ಬಾರಸು ಎಂದಳು. ಸರಿಯಾಗಿ ಬಾರಿಸಬಹುದಿತ್ತು. ಬೇಕಂತಲೇ ಅಲ್ಲೇ ಏರಿಸಿದೆ. ಅಕ್ಕ ಮತ್ತೆ ಬೈದಳು.