ಬೋಗಿ ಮರದ ಬುಡದ ಕಲ್ಲಣಬೆ

ಗುಡುಗಿಗೆ ಕಲ್ಲಣಬೆ ಹುಟ್ಟುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ನಂಬದವರ ಜತೆ ಜಗಳಕ್ಕೇ ನಿಲ್ಲುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ಕಕ್ಕಿಂಜೆಯ ಹತ್ತಿರ ನಮ್ಮ ಮನೆ, ನಾನು ಐದನೇ ಕ್ಲಾಸು. ಮೊದಲ ಗುಡುಗು ಮಳೆಯ ಮರುದಿನ ಅಜ್ಜಿಯ ಹಿಂದೆ ಗುಡ್ಡೆಗೆ ಓಡುತ್ತಿದ್ದೆ. ಕೋಲಿನಿಂದ ತರಗೆಲೆ ಸರಿಸಿ ಮಣ್ಣು ಕೆದಕಿದರೆ ಗೋಲಿಯಷ್ಟು ದುಂಡಗಿನ ಅಣಬೆಗಳು ಸಿಗುತ್ತಿದ್ದವು. ಕೊಡೆಯೂ ಇಲ್ಲ, ಕಾಲೂ ಇಲ್ಲ. ಕತ್ತರಿಸಿದರೆ ಒಳಗೆ ಬಿಳಿ ಇರಬೇಕು. ಕಪ್ಪಾಗಿದ್ದರೆ ಬಲಿತಿದೆ ಎಂದು ಎಸೆಯುವುದು.

ಆ ವರ್ಷ ಅಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ನಾವು ಬುಡದಲ್ಲಿ ಅಣಬೆ ಹೆಕ್ಕುತ್ತಿದ್ದ ಗುಡ್ಡೆಯ ದೊಡ್ಡ ಬೋಗಿ ಮರವನ್ನೇ ಕಡಿಯುವುದೆಂದು ಆಚಾರಿಯೊಡನೆ ಮಾತಾಗಿತ್ತು. ಅಜ್ಜಿ ಹಟ ಹಿಡಿದರು.

"ಆ ಮರ ಹೋದರೆ ಅಣಬೆಯೂ ಹೋಗ್ತದೆ."

"ಅಣಬೆ ಬರುವುದು ಗುಡುಗಿಗೆ ಅಲ್ವಾ ಅಮ್ಮ? ಮರಕ್ಕೂ ಅದಕ್ಕೂ ಎಂಥ ಸಂಬಂಧ?" ಅಪ್ಪ ನಕ್ಕರು.

ನಾನು ಅಪ್ಪನ ಪಕ್ಷ. ಅಜ್ಜಿಗೆ ಅರಳುಮರಳು ಎಂದೂ ಹೇಳಿಬಿಟ್ಟೆ. ನನ್ನ ಬಾಯಿಗೆ ಬೀಗ ಇರಲಿಲ್ಲ.

ಅಜ್ಜಿ ಬೈಯಲಿಲ್ಲ. "ಬನ್ನಿ, ನೋಡುವ" ಎಂದು ಇಬ್ಬರನ್ನೂ ಗುಡ್ಡೆಗೆ ಕರೆದೊಯ್ದರು. ಎರಡು ವರ್ಷದ ಹಿಂದೆ ಕಡಿದಿದ್ದ ಇನ್ನೊಂದು ಬೋಗಿಯ ಕುತ್ತಿಯ, ಅಂದರೆ ಉಳಿದ ಮೋಟು ಬುಡದ, ಬಳಿ ನಿಲ್ಲಿಸಿದರು. ಮರ ಇದ್ದಾಗ ಅಲ್ಲಿ ಬುಟ್ಟಿ ತುಂಬ ಸಿಗುತ್ತಿತ್ತು. ಅಪ್ಪ ಸುತ್ತಲೂ ಕೆದಕಿದರು. ಒಂದೂ ಇಲ್ಲ.

"ನಿನ್ನೆಯ ಗುಡುಗು ಇಲ್ಲಿಗೂ ಬಂದಿತ್ತಲ್ಲ ಮಗಾ?" ಎಂದರು ಅಜ್ಜಿ.

ಆಮೇಲೆ ದೊಡ್ಡ ಮರದ ಬುಡದಲ್ಲಿ ಕೂತು ಬೆರಳಿನಿಂದಲೇ ಮೆಲ್ಲ ಮಣ್ಣು ಬಿಡಿಸಿದರು. ಕಲ್ಲಣಬೆ ಕಂಡಿತು. ಅದರಡಿಯಲ್ಲಿ ಮರದ ಸಣ್ಣ ಸಣ್ಣ ಬೇರು, ಬೇರಿನ ತುದಿಗಳೆಲ್ಲ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ಅಲ್ಲಿಂದ ಅಣಬೆಗೆ ಕೂದಲಿಗಿಂತ ತೆಳು ಬಿಳಿ ನೂಲು. ಕಾಲ ಕೆಳಗೆ ಇಷ್ಟೆಲ್ಲ ನಡೆಯುತ್ತಿತ್ತು, ನಾನು ಆಕಾಶ ನೋಡುತ್ತಿದ್ದೆ! ಬೇರು ಮುಟ್ಟದ ಕಡೆಯಿಂದ ಈ ನೂಲು ಮರಕ್ಕೆ ನೀರು, ಸತ್ವ ತರುತ್ತದೆ, ಮರ ತನ್ನ ಎಲೆಯಲ್ಲಿ ಮಾಡಿದ ಸಿಹಿಯನ್ನು ಅದಕ್ಕೆ ಉಣ್ಣಿಸುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅಕ್ಷರ ಬಾರದ ಅಜ್ಜಿಗೆ ಆ ನಂಟು ಕೆದಕಿ ಕೆದಕಿಯೇ ಗೊತ್ತಾಗಿತ್ತು.

ಅಪ್ಪ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿದರು. ಅಣಬೆ ಕೀಳಲಿಲ್ಲ. ಅಂಗೈಯಿಂದ ಮಣ್ಣು ಮುಚ್ಚಿ, ಮೇಲೆ ತರಗೆಲೆ ಎಳೆದರು.

"ಆಚಾರಿಗೆ ಹಲಸಿನ ಮರ ನೋಡ್ಲಿಕ್ಕೆ ಹೇಳ್ತೇನೆ ಅಮ್ಮ," ಎಂದರು. "ನಮ್ಮ ಮನೆಗೆ ಬಾಗಿಲು ಬೇಕು ಅಂತ ಇವರ ಮನೆ ಮುರಿಯುವುದು ಹೇಗೆ?"