ಹೆಸರಿಲ್ಲದ ಅಳತಿ ಬುಕ್ಕು

ಚಿತ್ತಾಪುರದಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಶಮೀಮ್ ಆಪಾ ಅವರ ಅಳತಿ ಬುಕ್ಕನ್ನು ಕಂಪ್ಯೂಟರಿಗೆ ಏರಿಸಲು ನಮ್ಮ ಸಾಫ್ಟ್‌ವೇರ್ ಆಫೀಸಿನಿಂದ ಹೋಗಿದ್ದೆ. ಬುಕ್ಕಿನಲ್ಲಿ ಒಂದೂ ಹೆಸರಿಲ್ಲ. ಪ್ರತಿ ಅಳತೆಯ ಪಕ್ಕ ಆ ಗಿರಾಕಿ ಹೊಲಿಸಿದ ಬಟ್ಟೆಯ ಒಂದು ಚೂರು ಅಂಟಿಸಿದ್ದರು. ಚೂರು ನೋಡಿದರೆ ಯಾರದೆಂದು ಅವರಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಾಗದು.

“ಆಪಾ, ಹೆಸರು, ಫೋನ್ ನಂಬರ್ ಹಾಕಲಿಲ್ಲಂದ್ರ ಸಾಫ್ಟ್‌ವೇರ್ ಮುಂದಕ್ಕ ಹೋಗಂಗಿಲ್ರಿ,” ಅಂದೆ.

“ಹಾಕಿದ್ರ ಯಾರ್ಯಾರು ನೋಡ್ತಾರ?”

“ನಮ್ಮ ಆಫೀಸಿನವರು ಅಷ್ಟ ರೀ.”

ಅವರು ಕತ್ತರಿ ಕೆಳಗಿಟ್ಟರು. “ಹಂಗಾದ್ರ ಮೊದಲ ನಿಮ್ಮ ಮನ್ಯಾಗಿನವರ ಹೆಸರು, ನಂಬರು, ಅಳತಿ ಹಾಕ್ರಿ. ಆಮ್ಯಾಲ ನನ್ನ ಗಿರಾಕಿಗಳದು.”

ಅಲ್ಲೇ ಕೂತು ಹೆಸರಿನದು, ನಂಬರಿನದು ಎರಡೂ ಖಾನೆಗಳನ್ನು ಕಿತ್ತುಹಾಕಿ, ಬಟ್ಟೆಚೂರಿನ ಫೋಟೊಗೆ ಒಂದು ಖಾನೆ ಮಾಡಿಕೊಟ್ಟೆ.

ಸಂಜೆ ಇದನ್ನು ತಿಳಿಸಿದಾಗ, ವಾಡಿಯ ಆಫೀಸಿನಿಂದ ನಮ್ಮ ಸಾಹೇಬರು ಫೋನಿನಲ್ಲೇ ಹಾರಾಡಿದರು: “ಗಿರಾಕಿಗಳ ನಂಬರ್ ಕೊಡ್ತೀನಂತ ಸೀರಿ ಅಂಗಡಿಯವರಿಗೆ ಮಾತು ಕೊಟ್ಟೀನಿ! ಖಾನೆ ತಿರುಗಿ ಹಾಕು.”

“ಹಾಕ್ತೀನ್ರಿ ಸರ್. ಮೊದಲ ನಿಮ್ಮ ಮನ್ಯಾಗಿನವರದು ಹೇಳ್ರಿ, ಬರಕೋತೀನಿ.”

ಫೋನ್ ಕಟ್ಟಾಯಿತು. ವಾಡಿ ಕಡೆ ಸಿಗ್ನಲ್ ಭಾಳ ಕಡಿಮೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.