ಗೋಣಿ ಸುತ್ತದ ಗರಡಿ

ಅವರ ಬಲ ಹೆಗಲಿನ ಮೇಲೆ ಹಗ್ಗ ಕೂತು ಕೂತು ಒಂದು ಗುಣಿ ಬಿದ್ದಿತ್ತು. ಅಂಗಿ ಹಾಕಿದರೂ ಕಾಣುತ್ತಿತ್ತು. ಬಾವಿಗೆ ಬಿದ್ದ ಕೊಡ, ಚೆಂಬುಗಳನ್ನು ಎತ್ತಿಕೊಡುವುದು ಅವರ ಕಸುಬು. ಒಂದು ಬಳೆಗೆ ಹತ್ತಾರು ಕಬ್ಬಿಣದ ಕೊಕ್ಕೆ ನೇತುಹಾಕಿದ ಪಾತಾಳಗರಡಿಯನ್ನು ಬೆನ್ನಿಗೆ ಹಾಕಿಕೊಂಡು ಮಧುಗಿರಿಯ ಬೀದಿಗಳನ್ನೆಲ್ಲ ಸುತ್ತುತ್ತಿದ್ದರು. ಶಿರಾ ಕಡೆಯವರು, ಊರಿಗೆಲ್ಲ ಗರಡಿ ಸಾಬರು. ಅದು ಮಹಾರಾಜರ ಕಾಲ, ನಲ್ಲಿ ಇನ್ನೂ ಬಂದಿರಲಿಲ್ಲ. ನಮ್ಮ ಬೀದಿಯ ಹೆಂಗಸರು ಮಾತಿನ ಭರದಲ್ಲಿ ಕೊಡ ಜಾರಿಸಿ ಅವರಿಗೆ ಕೆಲಸ ಕೊಡುತ್ತಲೇ ಇದ್ದರು.

ಅವರು ಕೂಗುತ್ತಿರಲಿಲ್ಲ. ನಡೆದಂತೆ ಕೊಕ್ಕೆಗಳು ಗಲಗಲ ಅನ್ನುತ್ತಿದ್ದವು, ಅಷ್ಟೇ ಸಾಕಿತ್ತು. ಆದರೆ ಬಾವಿಗೆ ಬಿದ್ದದ್ದು ಮನುಷ್ಯರಾದರೆ, ಒಂದೊಂದು ಕೊಕ್ಕೆಗೂ ಬಟ್ಟೆ ಸುತ್ತಿ, ಇಡೀ ಗರಡಿಯನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ತರುತ್ತಿದ್ದರು. ಸತ್ತವರ ಮೈಗೆ ಗೀರು ಬೀಳಬಾರದು, ಮನೆಯವರಿಗೆ ಆ ಸದ್ದು ಕೇಳಬಾರದು. ಅಂಥ ದಿನ ಮೋಟಾರು ಬಸ್ಸಿನವನು ಅವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಕೊರಟಗೆರೆಯಿಂದ ಕರೆ ಬಂದರೂ ನಡೆದೇ ಹೋಗುತ್ತಿದ್ದರು. ಹೆಣಕ್ಕೇನು ಅವಸರ, ಕಾಯುತ್ತೆ ಎಂದು ನಗುತ್ತಿದ್ದರಂತೆ.

ನನ್ನ ಅಣ್ಣನಿಗೆ ಮೂರ್ಛೆರೋಗವಿತ್ತು. ಅಪ್ಪ ತೀರಿಹೋಗಿದ್ದರಿಂದ ಅವ್ವನ ಜೀವವೆಲ್ಲ ಅವನ ಮೇಲೆ. ಒಂದು ಬೆಳಿಗ್ಗೆ ಅವನು ಕಾಣಲಿಲ್ಲ. ಬೀದಿಯ ಬಾವಿಯ ಕಟ್ಟೆಯ ಮೇಲೆ ಅವನ ಟವಲಿತ್ತು. ನಾನು ನೋಡಿದೆ, ಅವ್ವನಿಗೆ ಹೇಳದೆ ಸಾಬರ ಮನೆಗೆ ಓಡಿದೆ. ಏನು ಬಿದ್ದಿದೆ ಎಂದು ಅವರು ಕೇಳಿದರು. ಅಣ್ಣ ಎಂದು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಇಪ್ಪತ್ತು ವರ್ಷದ ಕತ್ತೆ ನಾನು, ಕೊಡ ಅಂದೆ.

ಅವರು ಗರಡಿಯನ್ನು ಹಾಗೇ ಬೆನ್ನಿಗೇರಿಸಿ ಹೊರಟರು. ಗಲಗಲ ಸದ್ದು ನಮ್ಮ ಬೀದಿಗೆ ಬಂತು. ಅಷ್ಟರಲ್ಲಿ ಯಾರೋ ಅವ್ವನ ಕಿವಿಗೆ ಟವಲಿನ ಸುದ್ದಿ ಹಾಕಿದ್ದರು. ಜಗಲಿಯ ಮೇಲೆ ಕಲ್ಲಿನಂತೆ ಕೂತಿದ್ದಳು. ಸದ್ದು ಕೇಳಿದ್ದೇ ಅವಳ ಮುಖ ಅರಳಿತು.

“ಸದ್ದಾಗ್ತಾ ಐತೆ ಕಣೆ. ಬರೀ ಕೊಡ ಬಿದ್ದಿರೋದು. ಅವನು ಹಸ್ಕೊಂಡು ಬತ್ತಾನೆ,” ಎಂದು ಮುದ್ದೆಗೆ ಎಸರಿಡಲು ಒಳಗೆ ಹೋದಳು. ನಾನು ತಡೆಯಲಿಲ್ಲ.

ಬಾವಿಯ ಹತ್ತಿರ ಸಾಬರು ಟವಲು ನೋಡಿದರು, ನನ್ನನ್ನು ನೋಡಿದರು. “ಯಾರು ಮಗಾ?” ಎಂದರು. ನಮ್ಮಣ್ಣ ಅಂದೆ. ಬಾವಿಗೆ ಇಳಿಯುವುದನ್ನು ಅವರು ಬಿಟ್ಟು ಎಷ್ಟೋ ವರ್ಷವಾಗಿತ್ತು, ಮಂಡಿ ಮಡಚುತ್ತಿರಲಿಲ್ಲ. ಆದರೂ ಗರಡಿಯನ್ನು ಪಕ್ಕಕ್ಕಿಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಗಂಡಸರ ಕೈಗೆ ಕೊಟ್ಟು ಇಳಿದೇಬಿಟ್ಟರು. ಅಣ್ಣನನ್ನು ತೋಳಲ್ಲೇ ತಂದರು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಅತ್ತದ್ದು ಆಮೇಲೆ. ಮೊದಲು ಸಾಬರ ಅಂಗಿ ಹಿಡಿದು ಜಗ್ಗಿದಳು. “ಯಾಕೋ ಸದ್ದು ಮಾಡ್ಕೊಂಡು ಬಂದೆ? ನಾನು ಅವ್ನಿಗೆ ಮುದ್ದೆ ಕಟ್ಟಿಟ್ಟೆನಲ್ಲೋ!”

ಅವರು ನೀರು ಸೋರುತ್ತ ನಿಂತಿದ್ದರು. ನನ್ನ ಕಡೆ ಒಮ್ಮೆ ನೋಡಿ, “ಗೋಣಿ ಸುತ್ತೋದು ಮರ್ತ್‌ಬುಟ್ಟೆ ತಾಯಿ. ತಪ್ಪು ನಂದೇ,” ಅಂದರು.

ಸಾಬರಿಗೆ ಅರಳುಮರಳು ಎಂದು ಊರು ತೀರ್ಮಾನಿಸಿತು. ಜನ ಕೆಲಸಕ್ಕೆ ಬೇರೆಯವನನ್ನು ಕರೆಯತೊಡಗಿದರು. ಸಾಬರು ಆ ಮಂಡಿಯಲ್ಲೇ ಗರಡಿ ಹೊತ್ತು ದೂರದ ಹಳ್ಳಿಗಳಿಗೆ ಹೋಗಬೇಕಾಯಿತು. ಒಮ್ಮೆ ಶಿರಾ ರಸ್ತೆಯ ಹುಣಸೆಮರದ ಕೆಳಗೆ ಹೊರೆ ಇಳಿಸಿ ಕೂತಿದ್ದರು. ನಾನು ಹತ್ತಿರ ಹೋಗಿ, ಅವ್ವನಿಗೆ ನಿಜ ಹೇಳಿಬಿಡುತ್ತೇನೆ ಅಂದೆ.

“ಬುಡಮ್ಮ,” ಅಂದರು. “ನನ್ನ ಬೈದ್ರೆ ನಾನು ನಮ್ಮನೆಗೆ ಹೋಯ್ತೀನಿ. ನಿನ್ನ ಬೈದು ಆಯಮ್ಮ ಎಲ್ಲಿಗೆ ಹೋಗ್ಬೇಕು?”

ನನಗೆ ಬೇಕಾಗಿದ್ದದ್ದೂ ಆ ಮಾತೇ. ಒಳಗೊಳಗೇ ಹಗುರಾದೆ. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಹಳ್ಳಿಯೊಂದಕ್ಕೆ ಹೋಗುವಾಗ ದಾರಿಯಲ್ಲೇ ಕುಸಿದು ತೀರಿಕೊಂಡರು. ಸುದ್ದಿ ಬಂದಾಗ ಅವ್ವ ರಾಗಿ ಕೇರುತ್ತಿದ್ದಳು, ನಾನು ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದೆ. ಅವ್ವ ಮೊರ ನಿಲ್ಲಿಸಲಿಲ್ಲ.

“ಹೋದ್ನಾ? ಹೋಗ್ಲಿ. ಆವತ್ತು ನನಗೆ ಎಂಥಾ ಮೋಸ ಮಾಡ್ದ, ಅಲ್ವೇನೆ?” ಎಂದು ಕೇಳಿದಳು.

ನಾನು ಹೂಂ ಅಂದೆ.